ಎರಡು ಇಳಿಜಾರಿನ ಸುರಂಗ

ಆಶಾಲತಾ ಆ ಮಾತನ್ನು ಗಂಡನ ಕಿವಿಗೆ ಹಾಕಿದ್ದು ಮುತ್ಲಾ ದಿಬ್ಬದ ಬುಡದಲ್ಲಿ, ತಪಾಸಣೆಯ ಸಾಲಿನಲ್ಲಿ ನಮ್ಮ ಮುಂದೆ ಇನ್ನೂ ಹನ್ನೊಂದು ಬಸ್ಸುಗಳಿದ್ದಾಗ. ಬೆಳಗಿನ ಹತ್ತು ಗಂಟೆ. ಸೆಪ್ಟೆಂಬರ್ ತಿಂಗಳ ಕುವೈತಿನಲ್ಲಿ ಹತ್ತು ಗಂಟೆಗೇ ಬಸ್ಸಿನ ಕಿಟಕಿಯ ಸರಳು ಮುಟ್ಟುವ ಹಾಗಿರುವುದಿಲ್ಲ. ಇರಾಕಿ ಸೈನ್ಯ ಊರೊಳಗೆ ಬಂದು ಐದು ವಾರ ಕಳೆದಿತ್ತು. ಫರ್ವಾನಿಯಾದ ನಮ್ಮ ಕಟ್ಟಡದ ಆರು ಸಂಸಾರಗಳು ಬಸ್ರಾ, ಬಾಗ್ದಾದ್ ಹಾದು ಅಮ್ಮಾನ್ ತಲುಪಿ, ಅಲ್ಲಿಂದ ಬೊಂಬಾಯಿಯ ವಿಮಾನ ಹತ್ತುವ ಆಸೆಯಿಂದ ಒಂದೇ ಬಸ್ಸಿನಲ್ಲಿ ಹೊರಟಿದ್ದವು.

"ನವ್ಯಳ ಪುಸ್ತಕಗಳಿಗೆ ಪುನಃ ಬೈಂಡ್ ಹಾಕಿದ್ದೇನೆ," ಅಂದಳು ಆಶಾಲತಾ.

"ಯಾವ ಕಾಗದದ್ದು?" ಎಂದ ರೋಹಿದಾಸ.

"ಅದೇ, ನಿಮ್ಮದು. ತಿರುಗಿಸಿ ಹಾಕಿದ್ದೇನೆ. ಬಿಳಿ ಬದಿ ಹೊರಗೆ."

ಹಿಂದಿನ ಸೀಟಿನಲ್ಲಿದ್ದ ನನಗೆ ಕಾಣುತ್ತಿದ್ದದ್ದು ರೋಹಿದಾಸನ ಕುತ್ತಿಗೆ ಮಾತ್ರ. ಅದು ಬೆವರುವುದನ್ನು ನಿಲ್ಲಿಸಿತ್ತು.

ರೋಹಿದಾಸ ಡ್ರಾಫ್ಟ್ಸ್‌ಮನ್. ಹಾಸನ–ಮಂಗಳೂರು ರೈಲುದಾರಿಯನ್ನು ಘಟ್ಟದಿಂದ ಇಳಿಸುತ್ತಿದ್ದ ಕಾಲದಲ್ಲಿ ಸಕಲೇಶಪುರದ ತಗಡಿನ ಶೆಡ್ಡೊಂದರಲ್ಲಿ ಕೂತು ಟ್ರೇಸಿಂಗ್ ಕಲಿತವನು. ಐವತ್ತೇಳು ಸುರಂಗಗಳಲ್ಲಿ ಯಾವುದರೊಳಗೆ ನೀರು ಸೋರುತ್ತದೆ, ಯಾವುದರೊಳಗೆ ಸೋರುವುದಿಲ್ಲ ಎನ್ನುವುದನ್ನು ನಂಬರು ಸಮೇತ ಹೇಳಬಲ್ಲವನು. ಬೆಟ್ಟ ಕೊರೆಯುವ ವಿದ್ಯೆ ಕಲಿತವನಿಗೆ ಬೆಟ್ಟವೇ ಇಲ್ಲದ ದೇಶದಲ್ಲಿ ನೌಕರಿ ಸಿಕ್ಕಿದ್ದು ಕಟ್ಟಡದವರಿಗೆಲ್ಲ ಮೋಜಿನ ವಿಷಯವಾಗಿತ್ತು. ಆದರೆ ಪಕ್ಕದ ರಾಯ್ ಬಡಾವಣೆಯಲ್ಲಿದ್ದ ಅವನ ಕಚೇರಿಗೆ ಎರಡು ವರ್ಷಗಳ ಹಿಂದೆ ದೊಡ್ಡದೊಂದು ಕೆಲಸ ಬಂತು. ಇರಾಕಿನ ಉತ್ತರದ ಬಯಲಿನಿಂದ ಬೆಟ್ಟ ಹತ್ತಿ ನೇರವಾಗಿ ತುರ್ಕಿಗೆ ಇಳಿಯುವ ರೈಲು ಹಾಕಿದರೆ ಯಾರಿಗೆ ಏನು ಲಾಭ ಎಂದು ವರದಿ ಬರೆಯಬೇಕಿತ್ತು. ವರದಿಯನ್ನು ಇಂಗ್ಲಿಷ್ ಸಾಹೇಬರು ಬರೆದರು. ಅದಕ್ಕೆ ಬೇಕಾದ ಮೂವತ್ತೆರಡು ನಕ್ಷೆಗಳನ್ನು ರೋಹಿದಾಸ ಬಿಡಿಸಿದ.

ಆಮೇಲೆ ಎರಡು ವರ್ಷ ನಮಗೆ ಬೇರೆ ಮಾತು ಕೇಳಿಸಲಿಲ್ಲ. ಶುಕ್ರವಾರದ ಊಟಕ್ಕೆ ಕರೆದರೆ ಸಾರಿನ ಜೊತೆ ರೈಲೂ ಬರುತ್ತಿತ್ತು. ಈಗಿರುವ ರೈಲುದಾರಿ ಸಿರಿಯಾದ ಮೂಲಕ ಹೋಗುತ್ತದೆ, ಸಿರಿಯಾಕ್ಕೆ ಸಿಟ್ಟು ಬಂದಾಗೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ ಎನ್ನುತ್ತಿದ್ದ. ಲಾರಿಗಳು ಹಿಮ ಬಿದ್ದಾಗ ಕಣಿವೆಯ ಬಾಯಲ್ಲಿ ವಾರಗಟ್ಟಲೆ ಕಾಯುತ್ತವೆ, ಹಣ್ಣು ಕೊಳೆಯುತ್ತದೆ, ಸಿಮೆಂಟು ಕಲ್ಲಾಗುತ್ತದೆ. ಸುರಂಗದೊಳಗೆ ಹಿಮ ಬೀಳುವುದಿಲ್ಲ. ಒಂದೇ ಬಾಗಿಲಿರುವ ಮನೆಯವನು ಹೊರಗೆ ಹೋಗಬೇಕಾದರೆ ಬಾಗಿಲಲ್ಲಿ ನಿಂತವನ ಮುಖ ನೋಡಬೇಕು, ಎರಡು ಬಾಗಿಲಿದ್ದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಪಕ್ಕದ ಫ್ಲಾಟಿನ ಪಾಯಸ್, ಸಾಗಣೆ ಕಂಪೆನಿಯೊಂದರ ಗುಮಾಸ್ತ, ಎಲ್ಲವನ್ನೂ ಕೇಳಿಸಿಕೊಂಡು ಲಾರಿಯ ಪರ ವಾದಿಸುತ್ತಿದ್ದ. "ಲಾರಿ ನನ್ನ ಬಾಗಿಲಿಗೆ ಬರ್ತದೆ ದಾಸಣ್ಣ. ನಿಮ್ಮ ರೈಲು ಫರ್ವಾನಿಯಾಕ್ಕೆ ಎಷ್ಟು ಗಂಟೆಗೆ?"

ನಕ್ಷೆ ತಿದ್ದಿದಾಗೆಲ್ಲ ಅಮೋನಿಯಾ ಹಾಯಿಸಿ ತೆಗೆದ ಹಳೆಯ ನಕಲು ಪ್ರಿಂಟುಗಳನ್ನು ಕಚೇರಿಯವರು ಬಿಸಾಡುತ್ತಿದ್ದರು. ದಪ್ಪ ಕಾಗದ, ಹರಿಯುವಂಥದ್ದಲ್ಲ. ರೋಹಿದಾಸ ಅವನ್ನು ಸುರುಳಿ ಸುತ್ತಿ ಮನೆಗೆ ತರುತ್ತಿದ್ದ. ಏಪ್ರಿಲ್‌ನಲ್ಲಿ ಶಾಲೆ ಶುರುವಾದಾಗ ಇಡೀ ಕಟ್ಟಡದ ಮಕ್ಕಳ ಪುಸ್ತಕಗಳಿಗೆ ಅದರದ್ದೇ ಬೈಂಡ್. ಇಂಗ್ಲಿಷ್ ಗ್ರಾಮರಿನ ಮೇಲೆ ಸೇತುವೆ, ಮಾರಲ್ ಸೈನ್ಸಿನ ಮೇಲೆ ಕಣಿವೆ.

ಸೈನ್ಯ ಬಂದ ಮೇಲೆ ಅದು ಮೋಜಾಗಿ ಉಳಿಯಲಿಲ್ಲ. ರಾಯ್‌ನ ಮೆಕ್ಯಾನಿಕ್ ಒಬ್ಬನನ್ನು ಗೋಡೆಯ ಮೇಲೆ ರಸ್ತೆಯ ನಕ್ಷೆ ಇದ್ದದ್ದಕ್ಕೆ ಹಿಡಿದುಕೊಂಡು ಹೋದರು. ಮೂರನೆಯ ದಿನ ಬಿಟ್ಟರು. ಅವನು ಏನಾಯಿತೆಂದು ಯಾರಿಗೂ ಹೇಳಲಿಲ್ಲ, ಆದರೆ ಅಂದಿನಿಂದ ಬಲಗೈಯಲ್ಲಿ ಲೋಟ ಹಿಡಿಯುತ್ತಿರಲಿಲ್ಲ. ಅದನ್ನು ಕೇಳಿದ ಸಂಜೆಯೇ ರೋಹಿದಾಸ ಮನೆಮನೆಗೆ ಹೋಗಿ ಬೈಂಡುಗಳನ್ನೆಲ್ಲ ಕಿತ್ತು ತಂದು ತಾರಸಿಯಲ್ಲಿ ಎಣ್ಣೆ ಡಬ್ಬಿಯೊಳಗೆ ಹಾಕಿ ಸುಟ್ಟ. ತನ್ನದೇ ಅಡುಗೆಮನೆಯ ಕಪಾಟಿನ ತಟ್ಟೆಗಳ ಅಡಿಗೆ ಹಾಸಿದ್ದ ಹದಿನಾಲ್ಕು ಹಾಳೆಗಳು ಅವನಿಗೆ ನೆನಪಾಗಲಿಲ್ಲ.

ಹೊರಡುವ ಮುನ್ನ ಅವು ಸಿಕ್ಕಿದ್ದು ಆಶಾಲತಾಳಿಗೆ. ಆಕೆಯ ತರ್ಕದಲ್ಲಿ ಲೋಪವೇನೂ ಇರಲಿಲ್ಲ. ಮಂಗಳೂರಿನಲ್ಲಿ ವರ್ಷದ ನಡುವೆ ಮಗಳಿಗೆ ಸೀಟು ಕೇಳಬೇಕು. ಕಾನ್ವೆಂಟಿನ ಸಿಸ್ಟರ್ ಮೊದಲು ನೋಡುವುದು ಪುಸ್ತಕವನ್ನು, ಆಮೇಲೆ ಮಾರ್ಕನ್ನು, ಕೊನೆಗೆ ಮಗುವನ್ನು. ಬೈಂಡ್ ಇಲ್ಲದ ಹದಿನಾಲ್ಕು ಪುಸ್ತಕಗಳನ್ನು ಹಿಡಿದುಕೊಂಡು ಆ ಮೇಜಿನ ಎದುರು ನಿಲ್ಲುವುದು ಹೇಗೆ? ಅಂಗಡಿಗಳು ಲೂಟಿಯಾಗಿ ಕಂದು ಕಾಗದ ಸಿಗುವಂತಿರಲಿಲ್ಲ. ಗೀಟು ಇರುವ ಬದಿಯನ್ನು ಒಳಗೆ ಮಾಡಿ ಅಂಟಿಸಿದರೆ ಯಾರಿಗೆ ಕಾಣುತ್ತದೆ?

ಯಾರಿಗೂ ಕಾಣದು, ನಿಜ. ಹೊರಗೆ ಕಾಣುವ ನಕ್ಷೆಯನ್ನು ಅಜಾಗರೂಕತೆ ಎಂದು ಹೇಳಿ ಕೈಮುಗಿಯಬಹುದಿತ್ತು. ಮಗುಚಿ, ಅಂಟು ಹಚ್ಚಿ, ಮಗುವಿನ ಪುಸ್ತಕದೊಳಗೆ ಅಡಗಿಸಿಟ್ಟ ಇರಾಕಿನ ಗಡಿಬೆಟ್ಟದ ನಕ್ಷೆಗೆ ಗೂಢಚಾರಿಕೆ ಎಂಬ ಹೆಸರು ಬಿಟ್ಟು ಬೇರೆ ಹೆಸರಿಲ್ಲ.

"ಬ್ಯಾಗ್ ಎಲ್ಲಿ?" ಎಂದ ರೋಹಿದಾಸ. ದನಿ ಬಹಳ ಮೆತ್ತಗಿತ್ತು.

ಕಾಲಡಿಯಲ್ಲೇ ಇತ್ತು. ಹೊರಗೆ ಎಸೆಯುವಂತಿಲ್ಲ, ರಸ್ತೆಯ ಎರಡೂ ಬದಿಗೆ ಇಪ್ಪತ್ತು ಮಾರಿಗೊಬ್ಬ ಸೈನಿಕ ನಿಂತಿದ್ದ. ಬಸ್ಸಿನೊಳಗೆ ಬಿಸಾಡುವಂತೆಯೂ ಇಲ್ಲ, ಡ್ರೈವರ್ ಬಸ್ರಾದವನು, ಕನ್ನಡಿಯಲ್ಲಿ ನಮ್ಮನ್ನು ಲೆಕ್ಕ ಹಾಕುತ್ತಲೇ ಇದ್ದ. ಪಾಯಸ್ ತಿಂದುಬಿಡುವುದೇ ಒಳ್ಳೆಯದು ಎಂದ. ಅವನ ಹೆಂಡತಿ ಲವಿಟಾ, ಆಸ್ಪತ್ರೆಯ ನರ್ಸ್, ಅಮೋನಿಯಾ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ಹೇಳಿ ಅವನ ಬಾಯಿ ಮುಚ್ಚಿಸಿದಳು. ಕೊನೆಗೆ ದಾರಿ ತೋರಿಸಿದ್ದು ಆಚುಮ್ಮ. ಕೆಳಗಿನ ಅಂತಸ್ತಿನ ಬ್ಯಾರಿ ಕುಟುಂಬದ ಅಜ್ಜಿ, ಎಪ್ಪತ್ತು ದಾಟಿದವರು, ಅಗಲವಾಗಿ ಸೀಟು ತುಂಬಿ ಕೂತಿದ್ದರು. ಕಟ್ಟಡದ ಗಂಡಸರೆಲ್ಲ ಅವರಿಗೆ ಮೋನೆ, ಅಂದರೆ ಮಗ.

"ಕೊಡು ಮೋನೆ, ನನ್ನ ಅಡಿಗೆ ಹಾಕು. ಇನ್ನು ಅಮ್ಮಾನಿನವರೆಗೆ ನಾನು ಏಳುವುದಿಲ್ಲ."

ಆಶಾಲತಾ ಕಿತ್ತಳು, ರೋಹಿದಾಸ ಮಡಿಸಿದ, ನಾನು ದಾಟಿಸಿದೆ. ಅಂಟಿದ ಕಾಗದ ಕೀಳುವ ಸದ್ದು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಲವಿಟಾ ಕ್ಷಯದವಳಂತೆ ಕೆಮ್ಮಲು ಶುರುಮಾಡಿದಳು. ಡ್ರೈವರ್ ತನ್ನ ಕಿಟಕಿಯನ್ನು ಪೂರ್ತಿ ತೆರೆದ. ಮುಂದೆ ಎರಡು ಬಸ್ಸು ಉಳಿದಿರುವಾಗ ಹದಿಮೂರು ಹಾಳೆಗಳು ಆಚುಮ್ಮನ ಅಡಿಗೆ ಸೇರಿದ್ದವು.

ಹದಿನಾಲ್ಕನೆಯದು ಗಣಿತದ ಪುಸ್ತಕದ್ದು. ಗಣಿತದ ಪುಸ್ತಕ ನವ್ಯಶ್ರೀಯ ಮಡಿಲಲ್ಲಿತ್ತು. ಹತ್ತು ವರ್ಷದ ಹುಡುಗಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಸೈನಿಕರನ್ನು ನೋಡಬೇಡ, ತಲೆ ತಗ್ಗಿಸಿ ಲೆಕ್ಕ ಮಾಡುತ್ತಿರು ಎಂದು ಅಪ್ಪನೇ ಬೆಳಿಗ್ಗೆ ಕಲಿಸಿ ಕೂರಿಸಿದ್ದ. ಪುಸ್ತಕ ಇತ್ತ ಕಳಿಸು ಎಂದು ಕೈಸನ್ನೆ ಮಾಡಿದರೆ ತಲೆಯೆತ್ತದೆ ಹೇಳಿದಳು, "ಐ ಹ್ಯಾವ್ ಟೂ ಮೋರ್ ಸಮ್ಸ್, ಪಪ್ಪಾ."

ಅಷ್ಟರಲ್ಲಿ ಬಸ್ಸು ಮುಂದೆ ಸರಿಯಿತು, ಸೈನಿಕ ಹತ್ತಿದ.

ಅವನು ಹುಡುಕುತ್ತಿದ್ದದ್ದು ಕ್ಯಾಮೆರಾ, ರೇಡಿಯೋ. ಮಗುವಿನ ಪುಸ್ತಕವನ್ನು ಎತ್ತಿಕೊಂಡದ್ದು ಬಹುಶಃ ಬೇಸರಕ್ಕೆ. ಬಿಸಿಲಿಗೆ ಅಂಟು ಮೆತ್ತಗಾಗಿತ್ತು. ಬೈಂಡಿನ ಒಂದು ಮಡಿಕೆ ತಾನಾಗಿ ತೆರೆದುಕೊಂಡಿತು. ಅವನು ಒಳಗಿನ ಗೀಟುಗಳನ್ನು ನೋಡಿದ, ಮತ್ತೊಂದು ಮಡಿಕೆ ಬಿಡಿಸಿದ, ಪುಸ್ತಕವನ್ನು ಹುಡುಗಿಗೆ ವಾಪಸು ಕೊಟ್ಟು ಕಾಗದವನ್ನು ಹಿಡಿದುಕೊಂಡು ಇಳಿದ.

ಅಧಿಕಾರಿಗೆ ಡೇರೆ ಇರಲಿಲ್ಲ. ಒಂದು ಮೇಜು, ಒಂದು ಕುರ್ಚಿ. ನಿಂತ ಬಸ್ಸಿನ ನೆರಳೇ ಕಚೇರಿ. ಒಂದು ಬಸ್ಸು ಹೋಗಿ ಇನ್ನೊಂದು ಬರುವವರೆಗೆ ಅವನು ಬಿಸಿಲಲ್ಲಿ ಕೂರುತ್ತಿದ್ದ. ಹಾಗಾಗಿ ಆಡಿದ್ದೆಲ್ಲ ನಮ್ಮ ಕಿಟಕಿಯ ಕೆಳಗೇ. ಐವತ್ತು ದಾಟಿದವನು, ಕನ್ನಡಕದ ಒಂದು ಕಾಲಿಗೆ ನೂಲು ಸುತ್ತಿತ್ತು, ಸಮವಸ್ತ್ರ ಬೇರೆ ಯಾರಿಗೋ ಹೊಲಿಸಿದ ಹಾಗಿತ್ತು. ಹಾಳೆಯನ್ನು ಮೇಜಿನ ಮೇಲೆ ಹರಡಿ, ಮೂಲೆಗಳಿಗೆ ಗುಂಡಿನ ತೋಟಾಗಳನ್ನು ಇಟ್ಟ. ಬಹಳ ಹೊತ್ತು ನೋಡಿದ. ಆಮೇಲೆ ಕೆಳಗಿನ ಬಲಮೂಲೆಗೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಕೇಳಿದ, "ಆರ್. ದಾಸ್ ಯಾರು?"

ನಕ್ಷೆಯ ಮೂಲೆಯಲ್ಲಿ ಬಿಡಿಸಿದವನ ಹೆಸರು ಬರೆಯುವುದು ಆ ಕಸುಬಿನ ಪದ್ಧತಿ. ಸಾಮಾನ್ಯವಾಗಿ ಎರಡಕ್ಷರ ಸಾಕು. ರೋಹಿದಾಸ ದಾಸ್ ಎಂಬುದನ್ನು ಬಿಡಿಸಿ ಬರೆಯುತ್ತಿದ್ದ.

ಅವನು ಎದ್ದ. ಆಶಾಲತಾ ಅವನ ಅಂಗಿಯ ತುದಿ ಹಿಡಿದಿದ್ದಳು. ಅವನು ಹೆಜ್ಜೆ ಇಟ್ಟಾಗ ಬಿಟ್ಟಳು. ಅವನು ಇಳಿದು ಅಧಿಕಾರಿಯ ಎದುರು ನಿಂತ.

"ಇದು ಏನು?"

"ರದ್ದಿ ಸರ್. ಮಗಳ ಪುಸ್ತಕಕ್ಕೆ ಹಾಕಿದ್ದು."

"ರದ್ದಿಗೆ ನಂಬರು ಇರುವುದಿಲ್ಲ. ಹದಿನೇಳನೆಯ ಹಾಳೆ, ಮೂವತ್ತೆರಡರಲ್ಲಿ."

ರೋಹಿದಾಸ ಹೇಳಿದ: ಅದೊಂದು ಕೈಬಿಟ್ಟ ಯೋಜನೆ, ಅಲ್ಲಿ ರೈಲು ಯಾರಿಗೂ ಬೇಕಾಗಿಲ್ಲ, ಬೇಕಾದರೂ ಆಗುವಂಥದ್ದಲ್ಲ. ಯಾಕೆ ಬೇಡ ಎಂದು ಅಧಿಕಾರಿ ಕೇಳಿದ. ರೋಹಿದಾಸ ಎರಡು ವರ್ಷ ಶುಕ್ರವಾರಗಳಲ್ಲಿ ಪಾಯಸ್ ಹೇಳಿದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸಿದ. ಲಾರಿ ಅಗ್ಗ. ಲಾರಿ ಬಾಗಿಲಿಗೆ ಹೋಗುತ್ತದೆ. ಸುರಂಗ ಕೊರೆಯುವ ಖರ್ಚಿನಲ್ಲಿ ಸಾವಿರ ಲಾರಿ ಕೊಳ್ಳಬಹುದು. ಕಿಟಕಿಯ ಬದಿಯಲ್ಲಿ ಪಾಯಸ್ ತನ್ನ ವಾದಗಳು ಇಷ್ಟು ಚೆನ್ನಾಗಿ ಮಂಡನೆಯಾಗುವುದನ್ನು ಮೊದಲ ಸಲ ಕೇಳುತ್ತಿದ್ದ. ಅವನ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

ಅಧಿಕಾರಿಗೆ ಸಿಟ್ಟು ಬರತೊಡಗಿತು. ಆದರೆ ನಾವು ಹೆದರಿದ್ದ ಸಿಟ್ಟು ಅದಲ್ಲ. ಸೈನ್ಯಕ್ಕೆ ಮರಳಿ ಕರೆಸಿಕೊಳ್ಳುವ ಮುನ್ನ ಅವನು ಇಪ್ಪತ್ತೆರಡು ವರ್ಷ ಮೋಸುಲ್‌ನಲ್ಲಿ ರೈಲ್ವೆಯಲ್ಲಿದ್ದವನಂತೆ. ಲಾರಿಯಂತೆ ಲಾರಿ, ಎಂದ. ಜನವರಿಯಲ್ಲಿ ಆ ಕಣಿವೆಯ ಬಾಯಲ್ಲಿ ನಿಂತು ನೋಡಿದ್ದೀಯಾ? ನಾಲ್ಕು ಮೈಲಿ ಉದ್ದದ ಸಾಲು, ಡ್ರೈವರುಗಳು ಟೈರು ಸುಟ್ಟು ಚಳಿ ಕಾಯಿಸಿಕೊಳ್ಳುತ್ತಾರೆ. ರೈಲಿನ ಒಂದು ವ್ಯಾಗನ್ನು ಎಷ್ಟು ಲಾರಿಗೆ ಸಮ ಎಂದು ಲೆಕ್ಕ ಹಾಕಿದ್ದೀಯಾ? ಹಳೆಯ ದಾರಿಯನ್ನು ಸಿರಿಯಾ ಮುಚ್ಚಿ ಎಂಟು ವರ್ಷವಾಯಿತು. ಸ್ಟೇಷನ್ನಿನ ಹಳಿಗಳ ನಡುವೆ ಹುಲ್ಲು ಬೆಳೆದಿದೆ, ನಾನೇ ಕೀಳಿಸಿದ್ದೇನೆ.

ರೋಹಿದಾಸನ ಎರಡು ವರ್ಷದ ಪ್ರವಚನ ಬೇರೆಯವನ ಬಾಯಿಂದ, ಅದೇ ಕ್ರಮದಲ್ಲಿ ಬರುತ್ತಿತ್ತು. ಅವನು ತಲೆ ತಗ್ಗಿಸಿ ಇಲ್ಲ ಸರ್, ಅಲ್ಲ ಸರ್ ಎನ್ನುತ್ತಿದ್ದ. ಒಪ್ಪಿದರೆ ಆ ಹಾಳೆಗೆ ಬೆಲೆ ಬರುತ್ತದೆ. ಬೆಲೆಯುಳ್ಳ ಹಾಳೆಯನ್ನು ಅಡಗಿಸಿಟ್ಟವನಿಗೆ ಏನಾಗುತ್ತದೆಂದು ಆ ಮೆಕ್ಯಾನಿಕ್‌ನ ಬಲಗೈ ಹೇಳಿತ್ತು.

ಅಧಿಕಾರಿ ಹಾಳೆಯ ಮೇಲೆ ಬಗ್ಗಿದ. ಅದು ಬೆಟ್ಟವನ್ನು ಉದ್ದಕ್ಕೆ ಸೀಳಿ ಒಳಗನ್ನು ತೋರಿಸುವ ನಕ್ಷೆ, ನಡುವೆ ಸುರಂಗ.

"ನಿಮ್ಮವರ ಕೆಲಸವೂ ಹಾಗೇ ಇದೆ," ಎಂದ. "ನಮ್ಮ ಕಡೆಯ ದಕ್ಷಿಣದ ಬಾಯಿ ತುರ್ಕಿ ಕಡೆಯ ಉತ್ತರದ ಬಾಯಿಗಿಂತ ತೊಂಬತ್ತು ಮೀಟರ್ ತಗ್ಗಿನಲ್ಲಿದೆ. ಒಂದೇ ಇಳಿಜಾರು ಕೊಟ್ಟು ನೇರ ತರಬಹುದಿತ್ತು. ಲೆಕ್ಕ ಹಾಕಿದವನು ನಡುವೆ ಏರಿಸಿ ಎರಡೂ ಕಡೆ ಇಳಿಸಿದ್ದಾನೆ. ನಮ್ಮ ಕಡೆಯಿಂದ ಹತ್ತಲಿಕ್ಕೆ ಇನ್ನೊಂದು ಎಂಜಿನ್ ಬೇಕು. ಬೆಟ್ಟವನ್ನೇ ನೋಡದವನು ಬಿಡಿಸಿದ ತಪ್ಪು ನಕ್ಷೆ. ಅದಕ್ಕೇ ಬಿಸಾಡಿದ್ದಾರೆ. ಅಲ್ಲವಾ?"

ಬಸ್ಸಿನೊಳಗೆ ಎಲ್ಲರಿಗೂ ಅರ್ಥವಾಯಿತು. ಅವನು ಬೇಕೆಂದೇ ತೆರೆದನೋ, ತಾನಾಗಿ ತೆರೆಯಿತೋ, ಬಾಗಿಲು ತೆರೆದಿತ್ತು. ತಪ್ಪು ನಕ್ಷೆಗೆ ಯಾರೂ ಗೂಢಚಾರರನ್ನು ಇಡುವುದಿಲ್ಲ. "ಹೌದು ಅನ್ನಿ ದಾಸಣ್ಣ," ಎಂದು ಪಾಯಸ್ ಕಿಟಕಿಯ ಸರಳಿಗೆ ತುಟಿ ಹಚ್ಚಿ ಪಿಸುಗುಟ್ಟುತ್ತಿದ್ದ. "ಒಂದು ಹೌದು ಅನ್ನಿ."

ರೋಹಿದಾಸನ ಬಾಯಿ ಒಮ್ಮೆ ತೆರೆದು ಮುಚ್ಚಿತು. ಆಮೇಲೆ ಮೇಜಿನ ಬಳಿ ಹೋಗಿ, ಅನುಮತಿ ಕೇಳದೆ, ಅಧಿಕಾರಿಯ ಪೆನ್ಸಿಲನ್ನು ಎತ್ತಿಕೊಂಡ. ಸೈನಿಕನ ಬಂದೂಕು ಮೇಲೆದ್ದಿತು. ಆಶಾಲತಾ ಕಣ್ಣು ಮುಚ್ಚಿದಳು.

"ತಪ್ಪಲ್ಲ ಸರ್. ಇಲ್ಲಿ ನೋಡಿ. ಗಡಿ ಹೋಗುವುದು ಈ ಶಿಖರದ ಮೇಲೆ, ಸರಿಯಾಗಿ ಸುರಂಗದ ನಡುವಿಗೆ. ಬೆಟ್ಟದೊಳಗೆ ನೀರು ಇದ್ದೇ ಇರುತ್ತದೆ. ಒಂದೇ ಇಳಿಜಾರು ಕೊಟ್ಟರೆ ಅವರ ಬೆಟ್ಟದ ನೀರು ನಿಮ್ಮ ಬಾಯಿಂದ ಹೊರಗೆ ಬರುತ್ತದೆ. ಅದು ಯಾರ ನೀರು? ನಮ್ಮ ದೇಶದಲ್ಲಿ ಎರಡು ರಾಜ್ಯಗಳೇ ಒಂದು ಹೊಳೆಗೆ ಕೋರ್ಟಿಗೆ ಹೋಗುತ್ತವೆ. ನೀವು ಎರಡು ದೇಶ. ಹಾಗಾಗಿ ಏರಿನ ತುದಿಯನ್ನು ಗಡಿಯ ಕೆಳಗೇ ಇಟ್ಟದ್ದು. ಅವರ ನೀರು ಅವರ ಕಡೆ, ನಿಮ್ಮದು ನಿಮ್ಮ ಕಡೆ. ಇನ್ನೊಂದು ಎಂಜಿನ್ ಬೇಕು, ನಿಜ. ಜಗಳಕ್ಕಿಂತ ಎಂಜಿನ್ ಅಗ್ಗ."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಆ ಗೀಟಿನ ಮೇಲೆ ಬೆರಳು ಎಳೆದ.

"ಅರ್ಧ ಸುರಂಗ ನಿಮ್ಮ ಕೈಯಲ್ಲಿ, ಅರ್ಧ ಅವರ ಕೈಯಲ್ಲಿ," ಎಂದ ರೋಹಿದಾಸ. ಈಗ ಅವನ ದನಿ ಶುಕ್ರವಾರದ್ದಾಗಿತ್ತು. "ಒಬ್ಬ ಕೆಡಿಸಿದರೆ ತನ್ನ ಅರ್ಧವೂ ಕೆಲಸಕ್ಕೆ ಬಾರದು. ಅದೇ ಸರ್ ಇದರ ಬೆಲೆ. ವರದಿಯಲ್ಲಿ ನಲವತ್ತು ಪುಟ ಬರೆದಿದ್ದಾರೆ, ಇರುವುದು ಇಷ್ಟೇ."

ರಸ್ತೆಯಲ್ಲಿ ನಮ್ಮನ್ನು ದಾಟಿ ಸೈನ್ಯದ ಲಾರಿಯೊಂದು ಉತ್ತರಕ್ಕೆ ಹೋಯಿತು. ಹಿಂದೆ ಆರು ಹೊಸ ಫ್ರಿಜ್ಜುಗಳನ್ನು ಹಗ್ಗದಿಂದ ಬಿಗಿದಿದ್ದರು. ಅಧಿಕಾರಿ ಅದು ದಿಬ್ಬ ಹತ್ತುವವರೆಗೆ ನೋಡಿದ.

"ಇದು ಯಾರ ಯೋಚನೆ?"

"ನನ್ನದು." ಪಾಯಸ್ ಸರಳಿಗೆ ಹಣೆ ಒತ್ತಿದ.

"ಉಳಿದ ಹಾಳೆಗಳು?"

"ಸುಟ್ಟುಬಿಟ್ಟೆ ಸರ್."

"ಎಲ್ಲವನ್ನೂ?"

ರೋಹಿದಾಸ ಬಸ್ಸಿನ ಕಡೆ ನೋಡಲಿಲ್ಲ. ಅದೇ ತಪ್ಪಾಯಿತು, ನೋಡಬಾರದೆಂದು ನಿಂತವನ ಬಿಗಿದ ಕುತ್ತಿಗೆ ಅಧಿಕಾರಿಗೆ ಕಂಡಿತು. ಅಧಿಕಾರಿ ಸೈನಿಕನಿಗೆ ಬಸ್ಸಿನತ್ತ ಸನ್ನೆ ಮಾಡಿದ. ಸೈನಿಕ ಮೆಟ್ಟಿಲಿಗೆ ಕಾಲಿಟ್ಟ. ಒಳಗೆ ಹುಡುಕಿದರೆ ಸಿಗುವುದು ಆಚುಮ್ಮನ ಅಡಿಯಲ್ಲಿ, ಆಗ ಹೆಸರು ಬರುವುದು ಆ ಅಜ್ಜಿಯದು.

"ಹದಿಮೂರು ಉಳಿದಿವೆ," ಎಂದ ರೋಹಿದಾಸ. "ನನ್ನವು. ಅಡಗಿಸಿದ್ದು ನಾನು. ಆ ಅಜ್ಜಿಗೆ ತಾನು ಯಾವುದರ ಮೇಲೆ ಕೂತಿದ್ದೇನೆಂದು ಗೊತ್ತಿಲ್ಲ."

ಅಧಿಕಾರಿ ತಾನೇ ಹತ್ತಿದ. ಆಚುಮ್ಮನ ಎದುರು ನಿಂತು ಕೈ ಚಾಚಿದ. ಅವರು ಮೊಣಕಾಲು ತೋರಿಸಿ ಏಳಲಾಗುವುದಿಲ್ಲ ಎಂದು ಸನ್ನೆ ಮಾಡಿದರು. ಅವನು ಕೈ ಹಿಂದೆಗೆಯಲಿಲ್ಲ, ಸೈನಿಕನನ್ನು ಕರೆಯಲೂ ಇಲ್ಲ, ಕಾಯುತ್ತ ನಿಂತ. ಕೊನೆಗೆ ಅವರು ಒಂದು ಬದಿಗೆ ವಾಲಿ, ಹಾಳೆಗಳನ್ನು ಒಂದೊಂದಾಗಿ ಎಳೆದು ಕೊಟ್ಟರು. ಅವನು ಅಲ್ಲೇ ನಿಂತು ನಂಬರಿನ ಪ್ರಕಾರ ಜೋಡಿಸಿದ. ಒಂದು ಮಗು ಅಳಲು ಶುರುಮಾಡಿ, ಯಾರೂ ಸಮಾಧಾನ ಮಾಡದಿದ್ದುದಕ್ಕೆ ತಾನೇ ನಿಲ್ಲಿಸಿತು.

"ಹದಿನೇಳರ ಮುಂದಿನದು, ಹದಿನೆಂಟನೆಯ ಹಾಳೆ ಇಲ್ಲ," ಎಂದ ಅಧಿಕಾರಿ.

"ಸುಟ್ಟದ್ದರಲ್ಲಿ ಹೋಯಿತು ಸರ್," ಎಂದ ರೋಹಿದಾಸ ಕೆಳಗಿನಿಂದ.

ಅಧಿಕಾರಿಯ ಮುಖದಲ್ಲಿ ಹಲ್ಲುನೋವಿನವನ ಸಂಕಟ ಕಾಣಿಸಿತು. ಇಳಿದು ಹೋಗಿ ಹದಿನಾಲ್ಕನ್ನೂ ಸುರುಳಿ ಸುತ್ತಿ, ಬೂಟಿನ ಲಾಡಿಯಿಂದ ಕಟ್ಟಿ, ಕುರ್ಚಿಯ ಕೆಳಗಿಟ್ಟು ಅದರ ಮೇಲೆ ತನ್ನ ಟೋಪಿ ಇಟ್ಟ.

"ನಿನ್ನನ್ನು ಹಿಡಿದರೆ ನಾನು ಇದರೊಂದಿಗೆ ಬಾಗ್ದಾದಿಗೆ ಹೋಗಬೇಕು," ಎಂದ. "ಅಲ್ಲಿ ಇಳಿಜಾರು ಎಂದರೇನು ಎಂದು ಕೇಳುವವರಿಗೆ ಇದನ್ನೆಲ್ಲ ವಿವರಿಸಬೇಕು. ವಿವರಿಸಿದ ಮೇಲೆ ನಿನಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ನನ್ನನ್ನೇ ಕೇಳುತ್ತಾರೆ. ಬಸ್ಸು ಹತ್ತು. ಯಲ್ಲಾ, ಹೊರಡು."

ರೋಹಿದಾಸ ಹತ್ತಿ ಬಂದು ಕೂತ. ಆಶಾಲತಾ ಅವನ ಮುಖ ನೋಡದೆ, ಮುಂದಿನ ಸೀಟಿನಿಂದ ಮಗಳನ್ನು ಕರೆದು ಇಬ್ಬರ ನಡುವೆ ಕೂರಿಸಿಕೊಂಡಳು. ಬಸ್ಸು ದಿಬ್ಬ ಹತ್ತಿ, ಇಳಿದು, ಸಪಾಟು ಮರಳಿಗೆ ಬಿತ್ತು. ಅರ್ಧ ಗಂಟೆಯ ನಂತರ ಪಾಯಸ್‌ಗೆ ತಡೆಯಲಾಗಲಿಲ್ಲ.

"ನಿಮ್ಮನ್ನು ಎಂತ ಮಾಡಬೇಕು ದಾಸಣ್ಣ? ತಪ್ಪು ನಕ್ಷೆಯಾ ಅಂತ ಅವನೇ ಕೇಳಿದ. ಹೌದು ಅನ್ನಲಿಕ್ಕೆ ನಿಮಗೆ ಎಂತ ಕಷ್ಟ ಇತ್ತು ಮಾರಾಯ್ರೆ?"

ರೋಹಿದಾಸ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡ.

"ಅವನು ರೈಲ್ವೆಯವನಲ್ವಾ," ಎಂದ. "ನಾಳೆ ಯುದ್ಧ ಮುಗಿದು, ಅವನು ಹಾಗೇ ಒಂದೇ ಇಳಿಜಾರು ಕೊಟ್ಟು ಕಟ್ಟಿಸಿಬಿಟ್ಟರೆ?"